ಆರ್ಡಿಸಳ ಅಳತೆಯ ಕೋವಿ

ಆರ್ಡಿಸ್ ಹೌಗೆನ್‌ಗೆ ಅರವತ್ತೆಂಟು ವರ್ಷ ತುಂಬಿದಾಗಲೂ ಅವಳ ಮೈಯಳತೆಗೆಂದೇ ಮಾಡಿದ ಒಂದು ವಸ್ತುವೂ ಈ ಭೂಮಿಯ ಮೇಲೆ ಇರಲಿಲ್ಲ. ಮದುವೆಯ ಬಿಳಿ ಗೌನು ಅಕ್ಕನದು. ಸೊಂಟದ ಎರಡೂ ಕಡೆ ಪಿನ್ನು ಚುಚ್ಚಿಕೊಂಡು, ಪಾದ್ರಿಯ ಪ್ರಾರ್ಥನೆ ಮುಗಿಯುವವರೆಗೂ ಅವಳು ಮೇಲುಸಿರಿನಲ್ಲೇ ನಿಂತಿದ್ದಳು. ಹಿಮದ ಬೂಟು ಅಣ್ಣನದು, ಮುಂದೆ ಕಾಗದ ತುರುಕಿದ್ದು. ಗಂಡನ ಮನೆಗೆ ಬಂದರೆ ಅಡುಗೆಮನೆಯ ಕಟ್ಟೆ ಅತ್ತೆಯ ಎತ್ತರಕ್ಕೆ ಕಟ್ಟಿಸಿದ್ದು. ಅತ್ತೆ ಆರಡಿಯ ಆಳು, ಆರ್ಡಿಸ್ ಐದಡಿ ಎರಡಂಗುಲ. ಅತ್ತೆ ತೀರಿಕೊಂಡು ಮೂವತ್ತು ವರ್ಷವಾದರೂ ಕಟ್ಟೆ ಹಾಗೇ ಇತ್ತು. ಲೆಫ್ಸೆ ರೊಟ್ಟಿ ಲಟ್ಟಿಸಬೇಕಾದರೆ ಸೇಬಿನ ಪೆಟ್ಟಿಗೆ ಹಾಕಿಕೊಂಡು ಅದರ ಮೇಲೆ ನಿಲ್ಲುತ್ತಿದ್ದಳು. ಪೆಟ್ಟಿಗೆ ಎರಡು ಸಲ ಮುರಿದು ಮೂರನೆಯದು ಬಂತೇ ಹೊರತು ಕಟ್ಟೆಯನ್ನು ಯಾರೂ ತಗ್ಗಿಸಲಿಲ್ಲ. ಅವಳೂ ಕೇಳಲಿಲ್ಲ.

ಕೋವಿಯ ಕತೆಯೂ ಅದೇ. ಅವಳು ಹನ್ನೆರಡನೆಯ ವಯಸ್ಸಿನಿಂದ ಬೇಟೆಗೆ ಹೋದವಳು. ಮೊಂಟಾನಾದ ಆ ಗೋಧಿಬಯಲಿನಲ್ಲಿ ನವೆಂಬರ್ ಬಂದರೆ ಚರ್ಚಿನ ಹೆಂಗಸರು ಹಾಡಿನ ಅಭ್ಯಾಸವನ್ನು ಮುಂದಕ್ಕೆ ಹಾಕುತ್ತಾರೆ, ಜಿಂಕೆಬೇಟೆಯನ್ನು ಹಾಕುವುದಿಲ್ಲ. ಆದರೆ ಕೋವಿ ಅಪ್ಪನದು. ಅಪ್ಪನ ತೋಳು ಉದ್ದ. ಅದಕ್ಕೆ ಅಣ್ಣ ಒಂದು ದಿನ ಗರಗಸ ತಂದು, ಭುಜಕ್ಕೆ ಒತ್ತುವ ಮರದ ಹಿಡಿಯನ್ನು ಕಣ್ಣಂದಾಜಿನಲ್ಲಿ ಕೊಯ್ದು, 'ತಗೋ, ಈಗ ನಿನ್ನದು' ಎಂದು ಕೊಟ್ಟಿದ್ದ. ಎರಡಂಗುಲ ಕೊಯ್ಯಬೇಕಾದಲ್ಲಿ ಮೂರೂವರೆ ಕೊಯ್ದಿದ್ದ. ಅಂದಿನಿಂದ ಗುಂಡು ಹಾರಿದಾಗಲೆಲ್ಲ ಕೋವಿ ಹಿಂದಕ್ಕೆ ಹಾರಿ ಅವಳ ಬಲಗೆನ್ನೆಯ ಮೂಳೆಗೆ ಗುದ್ದುತ್ತಿತ್ತು. ವರ್ಷವರ್ಷವೂ ನವೆಂಬರಿನ ಎರಡನೆಯ ಭಾನುವಾರ ಅವಳು ನೀಲಿಗಟ್ಟಿದ ಕೆನ್ನೆಯಲ್ಲಿ ಚರ್ಚಿಗೆ ಬಂದು ಕೂರುವುದು ಊರಿಗೆಲ್ಲ ಅಭ್ಯಾಸವಾಗಿಹೋಗಿತ್ತು.

"ಏನಯ್ಯಾ ಡೆಲ್ಮರ್, ಹೆಂಡ್ತಿ ಮೇಲೆ ಕೈ ಮಾಡಿದ್ಯಾ?" ಎಂದು ಕಾಫಿ ಅಂಗಡಿಯಲ್ಲಿ ಅವಳ ಗಂಡನನ್ನು ರೇಗಿಸುತ್ತಿದ್ದರು.

"ನನ್ ಕೈ ಅಲ್ಲ ಕಣ್ರಯ್ಯಾ, ಅವರಪ್ಪನ ಕೈ," ಎನ್ನುತ್ತಿದ್ದ ಡೆಲ್ಮರ್. "ಸತ್ತು ಇಪ್ಪತ್ತು ವರ್ಷ ಆಯ್ತು, ಮುದುಕ ಇನ್ನೂ ಬಿಟ್ಟಿಲ್ಲ."

ಹೊಟ್ಟೆಪಾಡಿಗೆ ಆರ್ಡಿಸ್ ಅಂಚೆ ಹಂಚುತ್ತಿದ್ದಳು. ದಿನಕ್ಕೆ ನೂರ ಮೂವತ್ತು ಮೈಲಿ ಮಣ್ಣುರಸ್ತೆ, ರಸ್ತೆಬದಿಯ ಎಪ್ಪತ್ತೊಂದು ಅಂಚೆಡಬ್ಬಿ. ಅಲ್ಲಿ ಕಾರಿನ ಚಕ್ರ ಎಡಗಡೆ, ಡಬ್ಬಿಗಳು ರಸ್ತೆಯ ಬಲಗಡೆ. ಅದಕ್ಕೇ ಕಾರಿನ ಬಲಗಡೆಯ ಸೀಟಿನಲ್ಲಿ ಕೂತು, ಎಡಗೈ ಚಾಚಿ ಚಕ್ರ ಹಿಡಿದು, ಎಡಗಾಲಿನಿಂದಲೇ ಬ್ರೇಕು ತುಳಿಯುತ್ತ, ಬಲಗೈಯನ್ನು ಕಿಟಕಿಯಿಂದ ಹೊರಹಾಕಿ ಡಬ್ಬಿಗಳಿಗೆ ಕಾಗದ ತುಂಬಿದ್ದು ಮೂವತ್ತೊಂದು ವರ್ಷ. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿದ ದಿನವೂ ಆ ಕಿಟಕಿ ಮುಚ್ಚಿರಲಿಲ್ಲ. ಬಲಭುಜ ಸವೆದು ಒಂದಂಗುಲ ಕೆಳಕ್ಕೆ ಜೋತುಬಿದ್ದಿತ್ತು. ಅಂಗಿಯ ಹೊಲಿಗೆ ಓರೆಯಾದದ್ದನ್ನು ಕಂಡವರು ಅಂಗಿಯನ್ನೇ ಬೈಯುತ್ತಿದ್ದರು.

ದಾರಿಯುದ್ದಕ್ಕೂ ಇರುವವರು ನಾರ್ವೆಯಿಂದ ಬಂದವರ ಮೊಮ್ಮಕ್ಕಳು, ಮರಿಮಕ್ಕಳು. ಆ ಜನರ ಉಪಚಾರದ ಕಟ್ಟು ಬಲು ಗಟ್ಟಿ. ಕಾಫಿ ಕುಡೀತೀಯಾ ಎಂದರೆ ಮೊದಲ ಸಲ 'ಅಯ್ಯೋ ಬೇಡ' ಎನ್ನಬೇಕು. ಎರಡನೆಯ ಸಲ ಕೇಳಿದರೆ 'ಸುಮ್ನೆ ಯಾಕೆ ನಿಮಗೆ ತೊಂದರೆ' ಎನ್ನಬೇಕು. ಮೂರನೆಯ ಸಲ ಕೇಳಿದಾಗ 'ಹಾಗಿದ್ರೆ ಅರ್ಧ ಲೋಟ' ಎಂದು ಕೂತು, ಮೂರು ಲೋಟ ಕುಡಿದು ಏಳಬೇಕು. ಮೊದಲ ಸಲಕ್ಕೇ ಹೂಂ ಎಂದವನು ಹಸಿದ ತೋಳ. ಮೂರನೆಯ ಸಲ ಕೇಳದವನು ಜಿಪುಣ. ಆರ್ಡಿಸ್ ಈ ಕಟ್ಟಿನಲ್ಲೇ ಹುಟ್ಟಿ ಬೆಳೆದು ಮುದುಕಿಯಾದವಳು. ಇದಕ್ಕೆ ಹೊರತಾಗಿಯೂ ಲೋಕ ನಡೆಯುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ನಿವೃತ್ತಿಯಾದ ಮರುವರ್ಷ ಒಂದು ಬೆಳಿಗ್ಗೆ ಅವಳು ಡೆಲ್ಮರ್‌ಗೆ ಹೇಳಿದಳು.

"ನಾನೊಂದು ಕೋವಿ ಮಾಡಿಸ್ತೀನಿ."

"ಅಂಗಡೀಲಿ ಸಿಗುತ್ತಲ್ಲ?"

"ಕೊಳ್ಳೋದಲ್ಲ. ಮಾಡ್ಸೋದು. ನನ್ನ ಅಳತೆಗೆ. ಒಂಟಿ ಗುಂಡಿಂದು."

ಡೆಲ್ಮರ್ ರೊಟ್ಟಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಿದ. "ಒಂದೇ ಗುಂಡಾ? ಅದು ತಪ್ಪಿದ್ರೆ?"

"ತಪ್ಪಿದ್ರೆ ಜಿಂಕೆ ಅದರ ಮನೆಗೆ, ನಾನು ನನ್ನ ಮನೆಗೆ. ಎರಡನೇ ಗುಂಡಿದೆ ಅಂತ ಗೊತ್ತಿದ್ರೆ ಮೊದಲನೇದನ್ನ ಯಾರೂ ಸರಿಯಾಗಿ ಹೊಡೆಯಲ್ಲ."

ಅಂಥ ಕೋವಿ ಮಾಡುವವನು ಲೋವೆಲ್ ವೈಗಂಡ್. ಇನ್ನೂರ ಹತ್ತು ಮೈಲಿ ಆಚೆ, ಜುಡಿತ್ ಗುಡ್ಡಗಳ ಬುಡದಲ್ಲಿ ಅವನ ಮನೆ, ಪಕ್ಕದಲ್ಲೇ ಕೆಲಸದ ಕೊಟ್ಟಿಗೆ. ರಷ್ಯಾದ ವೋಲ್ಗಾ ಹೊಳೆಯ ಕಡೆಯಿಂದ ಬಂದ ಜರ್ಮನ್ನರ ಪೈಕಿ. ಕಬ್ಬಿಣವೂ ತಾನೇ, ಮರವೂ ತಾನೇ, ವರ್ಷಕ್ಕೆ ಆರು ಕೋವಿ, ಏಳನೆಯದಿಲ್ಲ. ಆರ್ಡಿಸ್ ಹೋದ ದಿನ ಅವನು ಅವಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಟೇಪು ಹಿಡಿದ. ಮೊಣಕೈಯ ಮಡಿಕೆಯಿಂದ ತೋರುಬೆರಳಿನ ಗೆಣ್ಣಿನವರೆಗೆ. ಕೊರಳಿನಿಂದ ಭುಜದ ಕುಳಿಯವರೆಗೆ. ಕೆನ್ನೆಯ ಮೂಳೆಯಿಂದ ಕಣ್ಣಿನವರೆಗೆ. ಅವನ ಹೆಂಡತಿ ಮಾರ್ವಾ ಒಂದೊಂದನ್ನೂ ಹಾಳೆಯಲ್ಲಿ ಬರೆದುಕೊಂಡಳು. ಆರ್ಡಿಸ್ ಹೊಟ್ಟೆ ಒಳಗೆಳೆದುಕೊಂಡು, ಶಾಲೆಯ ಫೋಟೋಕ್ಕೆ ನಿಂತಂತೆ ನೆಟ್ಟಗೆ ನಿಂತಿದ್ದಳು. ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಈ ಮನುಷ್ಯ ನನ್ನ ಮೊಣಕೈಯ ಸಲುವಾಗಿ ಇಷ್ಟು ಹೊತ್ತು ಯೋಚಿಸುತ್ತಿದ್ದಾನಲ್ಲ ಎನ್ನಿಸಿ ಅವಳು ಇನ್ನಷ್ಟು ನೆಟ್ಟಗಾದಳು.

ಆಮೇಲೆ ಅಟ್ಟಕ್ಕೆ ಕರೆದೊಯ್ದು ವಾಲ್ನಟ್ ಮರದ ಹಲಗೆಗಳನ್ನು ತೋರಿಸಿದ. ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಒಳಗಿನ ಗೆರೆ ಎದ್ದು ಕಾಣುತ್ತಿತ್ತು. ಅವಳು ಹನ್ನೊಂದನೆಯದನ್ನು ಆರಿಸಿದಳು. ಅದರ ಒಂದು ಮೈಯಲ್ಲಿ ಗೆರೆಗಳು ಗಾಳಿಗೆ ಬಾಗಿದ ಗೋಧಿಯಂತೆ ಒಂದೇ ಕಡೆ ಮಲಗಿದ್ದವು.

"ನಾಲ್ಕು ವರ್ಷ ಆಗುತ್ತೆ ಮಿಸೆಸ್ ಹೌಗೆನ್," ಎಂದ ಲೋವೆಲ್. "ಫೋನ್ ಮಾಡಬೇಡಿ. ಫೋನ್ ಮಾಡೋರ್ದು ನಾನು ನಿಧಾನಕ್ಕೆ ಮಾಡ್ತೀನಿ."

ಮನೆಗೆ ಬಂದು ಹೇಳಿದರೆ ಡೆಲ್ಮರ್ ಕೇಳಿದ: "ಕೋವಿ ಮಾಡಿಸ್ತಿದೀಯೋ, ಚರ್ಚ್ ಕಟ್ಟಿಸ್ತಿದೀಯೋ?"

ಮೂರು ವರ್ಷ ಚೆನ್ನಾಗಿಯೇ ಕಳೆಯಿತು. ಆಮೇಲೆ ಒಂದು ಬೇಸಗೆಯಲ್ಲಿ, ಚರ್ಚಿನಲ್ಲಿ ಹಾಡಿನ ಪುಸ್ತಕ ಬಿಡಿಸಿದಾಗ, ಸಾಲಿನ ನಡುವಿನ ಅಕ್ಷರಗಳು ಅವಳಿಗೆ ಕಾಣಲಿಲ್ಲ. ಎಡಗಣ್ಣು ಮುಚ್ಚಿ ನೋಡಿದಳು. ಬಲಗಣ್ಣಿನ ನಟ್ಟನಡುವೆ ಬೂದಿ ಮೆತ್ತಿದಂತೆ ಒಂದು ಚುಕ್ಕೆ. ಪಾದ್ರಿಯ ಕಿವಿಗಳು ಕಾಣುತ್ತಿದ್ದವು, ಮುಖ ಕಾಣುತ್ತಿರಲಿಲ್ಲ. ಕಣ್ಣಿನ ಡಾಕ್ಟರು ನೋಡಿ, ಅದು ಹೋಗುವುದಿಲ್ಲ, ಆದರೆ ಎಡಗಣ್ಣು ಹುಡುಗಿಯ ಕಣ್ಣಿನಂತಿದೆ, ಕಾರು ಓಡಿಸಿ, ಓದಿ, ಏನೂ ತೊಂದರೆಯಿಲ್ಲ ಎಂದರು. ಕೋವಿಯ ಗುರಿ ಹಿಡಿಯುವವರಿಗೆ ಮಾತ್ರ ಅದು ಸಣ್ಣ ಮಾತಲ್ಲ. ಬಲಭುಜಕ್ಕೆ ಕೋವಿ ಇಟ್ಟರೆ ನೋಡುವುದು ಬಲಗಣ್ಣು. ಗುರಿ ಇರಬೇಕಾದ ಜಾಗದಲ್ಲೇ ಬೂದಿ.

ಆರ್ಡಿಸ್ ಅಳುವವಳಲ್ಲ. ಹಳೆಯ ಸಣ್ಣ ರೈಫಲ್ ತೆಗೆದುಕೊಂಡು ಗೋಧಿಯ ಕಣಜದ ಹಿಂದೆ ಹೋಗಿ, ಅದನ್ನು ಎಡಭುಜಕ್ಕೆ ಇಟ್ಟು ಹೊಸದಾಗಿ ಕಲಿಯತೊಡಗಿದಳು. ಮೊದಲ ತಿಂಗಳು ಗುರಿಗಿಟ್ಟ ತಗಡಿನ ಡಬ್ಬಿ ಇದ್ದಲ್ಲೇ ಇತ್ತು, ಅದರ ಹಿಂದಿನ ಬೇಲಿಗೂಟ ಏಟು ತಿಂದಿತು. ಎರಡನೆಯ ತಿಂಗಳು ಡಬ್ಬಿ ಅಲುಗಿತು. ಕ್ರಿಸ್‌ಮಸ್ ಹೊತ್ತಿಗೆ ಐದರಲ್ಲಿ ನಾಲ್ಕು ಬೀಳುತ್ತಿದ್ದವು. ಮೂವತ್ತೊಂದು ವರ್ಷ ಚಕ್ರ ಹಿಡಿದ ಎಡಗೈ ಗಟ್ಟಿಯಾಗಿಯೇ ಇತ್ತು.

ಎಲ್ಲವೂ ಸರಿ, ಲೋವೆಲ್‌ಗೆ ಹೇಳುವುದೊಂದು ಬಿಟ್ಟು. ಫೋನ್ ಮಾಡಬೇಡಿ ಎಂದಿದ್ದಾನೆ. ಕಾಗದ ಬರೆದಳು. 'ತಮಗೆ ತೊಂದರೆ ಕೊಡುವುದಕ್ಕೆ ಸಂಕೋಚವಾಗುತ್ತದೆ' ಎಂಬಲ್ಲಿಗೇ ಅರ್ಧ ಹಾಳೆ ತುಂಬಿತು. ಹರಿದಳು, ಮತ್ತೆ ಬರೆದಳು. ಊರಿಗೆಲ್ಲ ಕಾಗದ ಮುಟ್ಟಿಸಿದವಳು ತನ್ನದೊಂದನ್ನು ಡಬ್ಬಿಗೆ ಹಾಕಲಾರದೆ ಹನ್ನೊಂದು ತಿಂಗಳು ಕಳೆದಳು.

ಮೇ ತಿಂಗಳಲ್ಲಿ ಮಾರ್ವಾಳೇ ಫೋನ್ ಮಾಡಿದಳು. "ಶುಕ್ರವಾರ ಬನ್ನಿ. ಕಡೇ ಕೆತ್ತನೆಗೆ ಮುಂಚೆ ಒಂದ್ಸಲ ಭುಜಕ್ಕೆ ಹಿಡಿದು ನೋಡ್ಬೇಕಂತೆ."

ಕೊಟ್ಟಿಗೆಯ ಮೇಜಿನ ಮೇಲೆ ಕೋವಿ ಮಲಗಿತ್ತು. ಕಬ್ಬಿಣಕ್ಕೆ ಇನ್ನೂ ಬಣ್ಣ ಬಂದಿರಲಿಲ್ಲ, ಬೆಳ್ಳಗೆ ಹೊಳೆಯುತ್ತಿತ್ತು. ಮರ ಇನ್ನೂ ದಪ್ಪವಾಗಿ, ಎರಡೂ ಕಡೆ ಮೈತುಂಬಿಕೊಂಡಿತ್ತು. ಲೋವೆಲ್ ಕೆಳಗಿನ ಸನ್ನೆಗೋಲನ್ನು ತಗ್ಗಿಸಿ ತೋರಿಸಿದ. ಉಕ್ಕಿನ ಗಟ್ಟಿಯೊಂದು ಬಾವಿಗೆ ಕೊಡ ಇಳಿದಂತೆ ಸರ್ರನೆ ಕೆಳಗಿಳಿಯಿತು, ತೋಟಾ ಹಾಕುವ ಬಾಯಿ ತೆರೆಯಿತು. ಸನ್ನೆಗೋಲು ಮೇಲೆತ್ತಿದರೆ ಗಟ್ಟಿ ಮೇಲೆ ಬಂದು ಬಾಯಿ ಮುಚ್ಚಿತು. ಸದ್ದೇ ಇಲ್ಲ. ಆರ್ಡಿಸ್ ಮೂರು ಸಲ ಹಾಗೆ ಮಾಡಿ ನೋಡಿದಳು.

"ಭುಜಕ್ಕಿಡಿ," ಎಂದ ಲೋವೆಲ್.

ಅವಳು ಎಡಭುಜಕ್ಕೆ ಇಡಬೇಕಿತ್ತು. ನಾಲ್ಕು ವರ್ಷದ ಹಿಂದಿನ ಹಾಳೆ ಅವನ ಮುಂದೆ ಬಿಡಿಸಿತ್ತು, ಎಲ್ಲ ಅಂಕಿಗಳೂ ಬಲಗಡೆಯವು. ನಾಚಿಕೆಯಿಂದ ಕೈ ತಾನಾಗಿ ಬಲಕ್ಕೆ ಹೋಯಿತು. ಗುರಿಯ ಕಿಂಡಿಯಲ್ಲಿ ಬೂದಿ ಬಿಟ್ಟರೆ ಏನೂ ಇರಲಿಲ್ಲ.

ಲೋವೆಲ್ ಮುಂದೆ ಬಂದು, ಬಾಗಿ, ಅವಳ ಕೆನ್ನೆ ನೋಡಿದ, ಭುಜ ನೋಡಿದ. "ಕೆತ್ತಿದ ಮೇಲೆ ಏನೂ ಮಾಡೋಕಾಗಲ್ಲ. ಏನಾದ್ರೂ ಬದಲಾಯಿಸಬೇಕಾ?"

ಕೇಳಿದನಲ್ಲ, ಸದ್ಯ. ಆರ್ಡಿಸಳ ಎದೆ ಹಗುರವಾಯಿತು. ಕೇಳಿದ್ದಕ್ಕೆ ಹೇಗೆ ಶುರುಮಾಡಬೇಕೋ ಹಾಗೆಯೇ ಶುರುಮಾಡಿದಳು.

"ಅಯ್ಯೋ, ಬೇಡಪ್ಪ. ಚೆನ್ನಾಗೇ ಇದೆ."

ಹೇಳಿ ಕಾದಳು.

"ಒಳ್ಳೇದು," ಎಂದು ಲೋವೆಲ್ ಕೋವಿಯನ್ನು ಅವಳ ಕೈಯಿಂದ ತೆಗೆದುಕೊಂಡು ಬಟ್ಟೆ ಹೊದಿಸಿದ. "ಸೋಮವಾರ ಕೆತ್ತೋಕೆ ಕೂರ್ತೀನಿ. ಹುಷಾರಾಗಿ ಹೋಗಿ, ದಾರೀಲಿ ಜಿಂಕೆ ಜಾಸ್ತಿ."

ಅವನ ಮನೆತನದಲ್ಲಿ ಬೇಡ ಎಂದರೆ ಬೇಡ. ತಟ್ಟೆ ಎತ್ತಿಕೊಂಡು ಹೋಗುತ್ತಾರೆ. ಆರ್ಡಿಸ್ ಬಾಗಿಲಲ್ಲಿ ಒಂದು ಸಲ ನಿಂತಳು, ಕಾರಿನ ಹತ್ತಿರ ಒಂದು ಸಲ ನಿಂತಳು. ಯಾರೂ ಕರೆಯಲಿಲ್ಲ. ಇನ್ನೂರ ಹತ್ತು ಮೈಲಿ ಬಾಯಿಗೆ ಬೀಗ ಹಾಕಿಕೊಂಡು ಮನೆಗೆ ಬಂದಳು.

ಡೆಲ್ಮರ್ ಊಟಕ್ಕೆ ಕಾದಿದ್ದ. ಮುಖ ನೋಡಿದವನೇ ಕೇಳಿದ, "ಹೇಳಿದ್ಯಾ?"

"ಅವನು ಕೇಳ್ದ, ಏನಾದ್ರೂ ಬದಲಾಯಿಸಬೇಕಾ ಅಂತ."

"ಎಷ್ಟು ಸಲ ಕೇಳ್ದ?"

"ಒಂದು ಸಲ."

ಡೆಲ್ಮರ್ ಚಮಚ ಕೆಳಗಿಟ್ಟ. ನಗಬಾರದೆಂದು ತುಟಿ ಕಚ್ಚಿಕೊಂಡ, ಆಗಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. "ನಾನು ಮದುವೆ ಆಗ್ತೀಯಾ ಅಂದಾಗ್ಲೂ ನೀನು ಎರಡು ಸಲ ಬೇಡ ಅಂದೆ. ನಾನು ನಮ್ಮ ಕಡೆಯೋನಾದ್ದಕ್ಕೆ ಮೂರನೇ ಸಲ ಕೇಳ್ದೆ. ಆ ಜರ್ಮನ್ ಎಲ್ಲಿ ಕೇಳ್ತಾನೆ ಮಾರಾಯ್ತಿ?"

"ಹೋಗ್ಲಿ ಬಿಡು," ಎಂದಳು ಆರ್ಡಿಸ್. "ನೋಡೋಕೆ ಚೆನ್ನಾಗಿದೆ. ಗೋಡೆ ಮೇಲೆ ಹಾಕಿದ್ರಾಯ್ತು. ಬೇಟೆಗೆ ಹಳೇದಿದೆಯಲ್ಲ."

ಡೆಲ್ಮರ್‌ನ ನಗು ನಿಂತಿತು. "ಅಳತೆ ಕೊಟ್ಟಿದ್ದು ನೀನೋ, ಗೋಡೆಯೋ?"

ಅವಳು ತಟ್ಟೆ ತೊಳೆಯಲು ಹೋಗಿ ಸೇಬಿನ ಪೆಟ್ಟಿಗೆ ಹತ್ತಿ ನಿಂತಳು. ಸ್ವಲ್ಪ ಹೊತ್ತಾದ ಮೇಲೆ, ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ನಂಗೆ ಅದು ಬೇಕು ಡೆಲ್ಮರ್. ಗೋಡೆಗಲ್ಲ."

"ನಾನು ಫೋನ್ ಮಾಡ್ಲಾ?"

"ಬೇಡ."

ಅವನು ಎರಡನೆಯ ಸಲ ಕೇಳಲು ಬಾಯಿ ತೆರೆದ. "ನಿಜವಾಗ್ಲೂ ಬೇಡ," ಎಂದಳು ಆರ್ಡಿಸ್. "ನಾನೇ ಮಾಡ್ತೀನಿ."

ಶನಿವಾರ ಮೂರು ಸಲ ಫೋನ್ ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಭಾನುವಾರ ಬೆಳಿಗ್ಗೆ ಚರ್ಚಿನ ಗಂಟೆ ಹೊಡೆಯುವಾಗ ಅವಳ ಕಾರು ಚರ್ಚನ್ನು ದಾಟಿ ಪಶ್ಚಿಮಕ್ಕೆ ಹೋಗುತ್ತಿತ್ತು. ಮೆಟ್ಟಿಲ ಮೇಲೆ ನಿಂತಿದ್ದವರೆಲ್ಲ ನೋಡಿದರು. ಅವಳು ಚರ್ಚು ತಪ್ಪಿಸಿದ್ದು ಎರಡೇ ಸಲ, ಎರಡೂ ಹೆರಿಗೆ. ಇವತ್ತು ಊರಿಗೆ ಮಾತಾಡಲು ಒಳ್ಳೆಯ ಊಟ ಸಿಕ್ಕಿತೆಂದುಕೊಂಡು ಅವಳು ಕಾರಿನ ವೇಗ ಹೆಚ್ಚಿಸಿದಳು.

ವೈಗಂಡ್ ಗಂಡಹೆಂಡಿರು ಆಲೂಗಡ್ಡೆ ಮತ್ತು ಹಿಟ್ಟಿನುಂಡೆಯ ಸಾರು ಉಣ್ಣುತ್ತಿದ್ದರು. ಲೋವೆಲ್ ಅವಳನ್ನು ಕಂಡು ಎದ್ದ. ಮುಖ ಅರಳಿತು. "ಸರಿಯಾದ ಹೊತ್ತಿಗೆ ಬಂದ್ರಿ. ನಿನ್ನೆ ಕೈ ಚೆನ್ನಾಗಿತ್ತು, ನಡುಕ ಇರ್ಲಿಲ್ಲ. ಸೋಮವಾರಕ್ಕೆ ಹೇಗಿರುತ್ತೋ ಅಂತ ನಿನ್ನೇನೇ ಕೂತ್ಬಿಟ್ಟೆ. ಇಬ್ರೂ ಇಡೀ ದಿನ ಕೊಟ್ಟಿಗೆ ಬಿಟ್ಟು ಬರ್ಲಿಲ್ಲ."

ಆರ್ಡಿಸ್ ಬಾಯಿ ತೆರೆಯುವ ಮೊದಲೇ ಅವಳನ್ನು ಕೊಟ್ಟಿಗೆಗೆ ಕರೆದೊಯ್ದ.

ಬಟ್ಟೆ ಸರಿಸಿ ತೋರಿಸಿದ. ದಪ್ಪ ಮರ ಹೋಗಿ, ಸೊಂಟ ಮೂಡಿ, ಹಿಡಿ ಬಲಕ್ಕೆ ಕೂದಲೆಳೆಯಷ್ಟು ವಾಲಿತ್ತು. ಎಡಮಗ್ಗುಲಲ್ಲಿ, ಬಲಗೆನ್ನೆ ಒರಗುವುದಕ್ಕೆಂದು, ಎಲೆಯ ಆಕಾರದ ಉಬ್ಬು ಎದ್ದಿತ್ತು. ಅವಳು ಆರಿಸಿದ ಗೆರೆಗಳು ಸರಿಯಾಗಿ ಅಲ್ಲಿಯೇ ಬಂದು ಮಲಗಿದ್ದವು. ಅಷ್ಟು ಚಂದದ ಕೆಲಸವನ್ನು ಅವಳು ಬದುಕಿನಲ್ಲಿ ನೋಡಿರಲಿಲ್ಲ. ನಾಲ್ಕು ವರ್ಷದ ಹಿಂದೆ ನೆಟ್ಟಗೆ ನಿಂತಿದ್ದ ಒಬ್ಬ ಹೆಂಗಸಿಗೆ ಅದು ಕೂದಲೆಳೆ ವ್ಯತ್ಯಾಸವಿಲ್ಲದೆ ಹೊಂದುತ್ತಿತ್ತು.

"ತುಂಬಾ ಚೆನ್ನಾಗಿದೆ," ಎಂದಳು. ಅಲ್ಲಿಗೇ ನಿಲ್ಲಿಸಿ ಕಾರು ಹತ್ತಿಬಿಡಬಹುದಿತ್ತು. ಹತ್ತಬೇಕೆಂದು ಅವಳ ಕಾಲೂ ಹೇಳಿತು. ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ಮಿಸ್ಟರ್ ವೈಗಂಡ್, ನನ್ನ ಬಲಗಣ್ಣು ಹೋಗಿದೆ. ಈಗ ಎಡಭುಜದಿಂದ ಹೊಡೀತೀನಿ. ಹನ್ನೊಂದು ತಿಂಗಳಾಯ್ತು. ನಿಮಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ. ತಪ್ಪು ನಂದೇ."

ಲೋವೆಲ್ ಅವಳ ಬಲಗಣ್ಣನ್ನು ನೋಡಿದ, ಮರದ ಉಬ್ಬನ್ನು ನೋಡಿದ. ಆಮೇಲೆ ಮೆಲ್ಲಗೆ, ನಿಜಕ್ಕೂ ಅರ್ಥವಾಗದವನ ಹಾಗೆ ಕೇಳಿದ: "ಮೊನ್ನೆ ಕೇಳಿದ್ನಲ್ಲ?"

"ಕೇಳಿದ್ರಿ. ಒಂದೇ ಸಲ ಕೇಳಿದ್ರಿ."

"ಮತ್ತೆಷ್ಟು ಸಲ ಕೇಳ್ಬೇಕು?"

"ಮೂರು."

ಮಾರ್ವಾ ಬಾಗಿಲಲ್ಲಿ ನಿಂತು ಸೆರಗಿಲ್ಲದ ಊರಿನಲ್ಲಿ ಏಪ್ರನ್ನನ್ನೇ ಬಾಯಿಗೆ ಒತ್ತಿಕೊಂಡಳು. ಲೋವೆಲ್ ಸ್ಟೂಲಿನ ಮೇಲೆ ಕೂತುಬಿಟ್ಟ.

"ನಲವತ್ತು ವರ್ಷದಿಂದ ನಿಮ್ಮ ಕಡೆಯೋರಿಗೆ ಕೋವಿ ಮಾಡ್ಕೊಡ್ತಿದೀನಿ," ಎಂದ. "ಎಲ್ರೂ ಏನೂ ಬದಲಾಯಿಸೋದು ಬೇಡ ಅಂತಾರೆ. ಎಷ್ಟು ತೃಪ್ತಿಯಾದ ಜನ, ಅಂತ ಅನ್ಕೊಂಡಿದ್ದೆ. ಮಾರ್ವಾ, ಅವರೆಲ್ಲ ಈಗ ಏನ್ ಮಾಡ್ತಿದಾರೆ ಅಂತೀಯ?"

"ಬೈಕೊಂಡು ಹೊಡೀತಿದಾರೆ," ಎಂದಳು ಮಾರ್ವಾ.

ಲೋವೆಲ್ ನಗಲಿಲ್ಲ. ಕೋವಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೆನ್ನೆಯುಬ್ಬಿನ ಮೇಲೆ ಹೆಬ್ಬೆರಳು ಸವರಿದ. ಅವನ ಒಂದು ದಿನದ ಕೆಲಸವಲ್ಲ ಅದು, ನಡುಕವಿಲ್ಲದ ಒಂದು ದಿನದ ಕೆಲಸ. ಅಂಥ ದಿನಗಳು ಅವನಿಗೂ ಎಣಿಕೆಯವೇ. ಅದು ಆರ್ಡಿಸಳಿಗೆ ಗೊತ್ತಾಯಿತು. ಗೊತ್ತಾಗಿ, ಇನ್ನಷ್ಟು ಸಣ್ಣವಳಾದಳು.

"ಕಬ್ಬಿಣಕ್ಕೆ ಎಡ ಬಲ ಇಲ್ಲ," ಎಂದ ಕೊನೆಗೆ. "ಉಕ್ಕಿನ ಗಟ್ಟಿ ನೆಟ್ಟಗೆ ಕೆಳಗಿಳಿಯುತ್ತೆ, ನೆಟ್ಟಗೆ ಮೇಲೆ ಬರುತ್ತೆ. ಯಾವ ಕೈಯಾದ್ರೂ ಅದಕ್ಕೆ ಒಂದೇ. ಎಡ ಬಲ ಇರೋದು ಮರಕ್ಕೆ. ಎರಡು ದಾರಿ ಇದೆ. ಈ ಉಬ್ಬನ್ನ ಅರದಿಂದ ತೆಗೆದುಬಿಡ್ತೀನಿ. ಎಡಭುಜಕ್ಕೆ ನಡೆಯುತ್ತೆ. ಚೆನ್ನಾಗಿ ಅಲ್ಲ, ನಡೆಯುತ್ತೆ. ಮುಂದಿನ ತಿಂಗಳೇ ತಗೊಂಡು ಹೋಗ್ಬಹುದು. ಇಲ್ಲಾಂದ್ರೆ ಈ ಮರ ತೆಗೆದಿಟ್ಟು ಬೇರೆ ಹಲಗೇಲಿ ಮೊದಲಿಂದ ಕೆತ್ಬೇಕು. ಎಂಟು ತಿಂಗಳು. ಈ ಗೆರೆ ಸಿಗಲ್ಲ. ಈ ನವೆಂಬರ್ ತಪ್ಪುತ್ತೆ."

ನಡೆಯುತ್ತೆ. ಅವಳ ಇಡೀ ಬದುಕು ನಡೆದದ್ದೇ ಆ ಮಾತಿನ ಮೇಲೆ. ಅಕ್ಕನ ಗೌನು ನಡೆಯಿತು, ಅಣ್ಣನ ಬೂಟು ನಡೆಯಿತು, ಅತ್ತೆಯ ಕಟ್ಟೆ ಇಂದಿಗೂ ನಡೆಯುತ್ತಿದೆ. ಎಪ್ಪತ್ತೆರಡು ವರ್ಷ ಎಲ್ಲವೂ ನಡೆಯಿತು, ಒಂದೂ ಹೊಂದಲಿಲ್ಲ. ಎಪ್ಪತ್ತೆರಡರ ವಯಸ್ಸಿಗೆ ಎಂಟು ತಿಂಗಳು ಸಣ್ಣ ಮಾತಲ್ಲ. ಇನ್ನೊಬ್ಬರಿಗೆ ಇಷ್ಟು ಕೆಲಸ ಹಚ್ಚುವುದು ಅದಕ್ಕಿಂತ ದೊಡ್ಡ ಮಾತು. ಅವಳಿಗೆ ಹೆದರಿಕೆಯಾಯಿತು. ಆದರೆ ಆಸೆ ಹೆದರಿಕೆಗಿಂತ ದೊಡ್ಡದಾಗಿತ್ತು.

"ಯಾವುದು ಮಾಡ್ಲಿ?" ಎಂದ ಲೋವೆಲ್.

"ಮೊದಲಿಂದ ಮಾಡಿ," ಎಂದಳು ಆರ್ಡಿಸ್. ದನಿ ಒಂಚೂರು ಗಟ್ಟಿಯಾಗಿಯೇ ಬಂತು. "ಹಾಳಾದ ಮರ ನನ್ನ ಲೆಕ್ಕಕ್ಕೆ."

"ಹೌದು, ನಿಮ್ಮ ಲೆಕ್ಕಕ್ಕೇ," ಎಂದ ಅವನು. ಉಪಚಾರದ ಮಾತೇ ಇಲ್ಲ. ಆ ಕ್ಷಣದಲ್ಲಿ ಅವಳಿಗೆ ಆ ಮನುಷ್ಯ ಬಹಳ ಇಷ್ಟವಾದ.

ಮನೆಯೊಳಕ್ಕೆ ಬಂದೊಡನೆ ಮಾರ್ವಾ ಇನ್ನೊಂದು ತಟ್ಟೆ ತಂದು, ಸಾರು ಬಡಿಸಿಯೇಬಿಟ್ಟು, "ಕೂತ್ಕೊಳ್ಳಿ," ಎಂದಳು. ಯಾರೂ ಬೇಕಾ ಎಂದು ಕೇಳಲಿಲ್ಲವಾದ್ದರಿಂದ ಆರ್ಡಿಸ್‌ಗೆ ಬೇಡ ಎನ್ನಲು ಜಾಗವೇ ಸಿಗಲಿಲ್ಲ. ಹಸಿವಾಗಿತ್ತು, ಅಂಚೆ ಹಂಚಿದ ವರ್ಷಗಳ ಸುದ್ದಿ ಹೇಳುತ್ತ ಎರಡು ತಟ್ಟೆ ಉಂಡಳು. ಉಂಡ ಮೇಲೆ ಕೊಟ್ಟಿಗೆಯ ಅಟ್ಟ ಹತ್ತಿ ಬೇರೆ ಹಲಗೆ ನೋಡಿದರು. ಮೊದಲಿನಷ್ಟು ಚಂದದ್ದು ಇರಲಿಲ್ಲ. ಒಂದರಲ್ಲಿ ಸಣ್ಣ ಗಂಟಿತ್ತು, ಕಪ್ಪಗೆ, ಗಟ್ಟಿಯಾಗಿ. "ಗಂಟಿದ್ದ ಕಡೆ ಮರ ಸೀಳಲ್ಲ," ಎಂದ ಲೋವೆಲ್. ಅವಳು ಅದನ್ನೇ ಆರಿಸಿದಳು.

ಕೆಳಗೆ ಬಂದು ಅವನು ಹಳೆಯ ಹಾಳೆಯನ್ನು ಮಡಿಸಿ ಒಲೆಗೆ ಹಾಕಿದ. ಟೇಪು ತೆಗೆದುಕೊಂಡ. ಆರ್ಡಿಸ್ ಕಿಟಕಿಯ ಬೆಳಕಿಗೆ ಹೋಗಿ, ಹೊಟ್ಟೆ ಒಳಗೆಳೆದುಕೊಂಡು, ಜೋತುಬಿದ್ದ ಬಲಭುಜವನ್ನು ಎಡದ ಸಮಕ್ಕೆ ಎತ್ತಿ ಹಿಡಿದು ನಿಂತಳು. ಲೋವೆಲ್ ಟೇಪನ್ನು ಅವಳ ಎಡಗೈಯವರೆಗೆ ತಂದವನು ಹಾಗೇ ಕೆಳಗಿಳಿಸಿದ.

"ಮೊದಲ ಸಲ ಬಂದಾಗ್ಲೂ ಹೀಗೇ ನಿಂತಿದ್ರಾ?"

"ಹೂಂ," ಎಂದಳು ಆರ್ಡಿಸ್.

"ಹಾಗಿದ್ರೆ ಆ ಮೊದಲಿನ ಮರ, ಬಲಗಣ್ಣು ಚೆನ್ನಾಗಿದ್ರೂ ನಿಮಗೆ ಆಗ್ತಿರ್ಲಿಲ್ಲ. ಹೀಗೆ ನಿಂತ್ಕೊಂಡು ಯಾರೂ ಜಿಂಕೆ ಹೊಡೆಯಲ್ಲ. ಡಬ್ಬಿಗೆ ಕಾಗದ ಹಾಕೋವಾಗ ಹೇಗಿರ್ತಿದ್ರೋ, ಹಾಗಿರಿ."

ಆರ್ಡಿಸ್ ಉಸಿರು ಬಿಟ್ಟಳು. ಹೊಟ್ಟೆ ತನ್ನ ಜಾಗಕ್ಕೆ ಬಂತು. ಬಲಭುಜ ಒಂದಂಗುಲ ಇಳಿಯಿತು, ಅದರ ಹಿಂದೆ ಕೊರಳು ಬಾಗಿತು, ಬೆನ್ನು ಮೂವತ್ತೊಂದು ವರ್ಷ ಕೂತ ಓರೆಗೆ ತಾನಾಗಿಯೇ ತಿರುಗಿತು. ಯಾರ ಮುಂದೆಯೂ ಅವಳು ಹಾಗೆ ನಿಂತಿರಲಿಲ್ಲ.

"ಹಾಂ, ಅಲ್ಲಾಡಬೇಡಿ," ಎಂದು ಲೋವೆಲ್ ಟೇಪು ಹಿಡಿದ. ಮಾರ್ವಾ ಹೊಸ ಹಾಳೆಯ ಮೇಲೆ ಆರ್ಡಿಸ್ ಹೌಗೆನ್ ಎಂದು ಬರೆದು, ಮೊದಲ ಅಂಕಿಗೆ ಕಾದಳು.